ಏರಿನಲ್ಲಿ ಎಳೆಯದ ಗಾಡಿ: ಪಂಪು ಬಿಚ್ಚಿಸುವ ಮುನ್ನ ನೋಡತಕ್ಕ ವಿಷಯಗಳು

ಕೊಯ್ಲಿನ ಕಾಲ ಹತ್ತಿರ ಬಂದಂತೆ ನಮ್ಮ ಸಂಘದ ಕಚೇರಿಯಲ್ಲಿ ಗೊಬ್ಬರ, ಧಾರಣೆ, ಆಳುಗಳ ಮಾತು ಮುಗಿದ ಮೇಲೆ ಬರುವ ಮುಂದಿನ ಮಾತು ಗಾಡಿಯದು. "ಬಯಲಲ್ಲಿ ಚೆನ್ನಾಗೇ ಓಡುತ್ತೆ, ಏರು ಸಿಕ್ಕಿದ್ರೆ ಮಾತ್ರ ಎಳೆಯೋದಿಲ್ಲ" ಎಂಬುದೇ ಈ ದೂರಿನ ಸಾಮಾನ್ಯ ರೂಪ. ಕುಂದೂರಿನ ಸುತ್ತಿನಲ್ಲಾಗಲಿ, ಆಲೂರು ಸಕಲೇಶಪುರದ ಇತರ ಕಡೆಗಳಲ್ಲಾಗಲಿ ಏರಿಳಿತವಿಲ್ಲದ ತೋಟದ ದಾರಿ ಅಪರೂಪ. ಕೊಯ್ದ ಅರೇಬಿಕಾ ಹಣ್ಣು ಅದೇ ದಿನ ಪಲ್ಪರಿಗೆ ಮುಟ್ಟಬೇಕು. ಮೂಟೆಯಲ್ಲೇ ಉಳಿದರೆ ಕಾವು ಹಿಡಿದು ಹುಳಿಯುತ್ತದೆ. ಸಂಜೆ ಆಳುಗಳನ್ನು ಊರು ಮುಟ್ಟಿಸುವುದೂ ಅದೇ ಗಾಡಿಯೇ. ಆನೆ ಎಲ್ಲಿದೆಯೆಂಬ ಸಂದೇಶವನ್ನು ಮೊಬೈಲಿನಲ್ಲಿ ನೋಡಿಕೊಂಡು ಮನೆಬಿಡುವ ಸೀಮೆ ನಮ್ಮದು. ಕತ್ತಲಾಗುವ ಹೊತ್ತಿಗೆ ಜನ ತುಂಬಿದ ಗಾಡಿ ದಿಬ್ಬದ ನಡುವೆ ಉಸಿರು ಕಟ್ಟಿ ನಿಲ್ಲುವುದು ಬರಿಯ ಖರ್ಚಿನ ವಿಷಯವಲ್ಲ.

ಈ ದೂರಿಗೆ ಗ್ಯಾರೇಜಿನಲ್ಲಿ ಅನೇಕ ಸಲ ಸಿಗುವ ಮೊದಲ ಉತ್ತರ "ಪಂಪು ಹೋಗಿದೆ" ಎಂಬುದು. ಪಂಪು ಹೋಗುವುದೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದು ಕೊನೆಗೆ ಸಂದೇಹಪಡತಕ್ಕ ಭಾಗ, ಮೊದಲನೆಯದಲ್ಲ. ನಮ್ಮ ಸದಸ್ಯರೊಬ್ಬರ ಹಳೆಯ ಡೀಸೆಲ್ ಜೀಪಿನ ಪಂಪನ್ನು ಒಂದೇ ವರ್ಷದಲ್ಲಿ ಎರಡು ಸಲ ಬಿಚ್ಚಿ ಕಟ್ಟಲಾಯಿತು. ಎಕರೆಗಟ್ಟಲೆ ತೋಟಕ್ಕೆ ಗೊಬ್ಬರ ಹಾಕಬಹುದಾಗಿದ್ದ ಹಣ ಅಲ್ಲಿ ಕರಗಿತು. ಕೊನೆಗೆ ಸಿಕ್ಕಿದ್ದು ಟ್ಯಾಂಕಿನ ಗಾಳಿ ಕೊಳವೆಯೊಳಗೆ ಕಣಜ ಕಟ್ಟಿದ್ದ ಮಣ್ಣಿನ ಗೂಡು. ಅದನ್ನು ತಂತಿಯಿಂದ ಚುಚ್ಚಿ ತೆಗೆದ ದಿನವೇ ಜೀಪು ಮೂಟೆ ಹೊತ್ತು ದಿಬ್ಬ ಹತ್ತಿತು.

ಏರಿನಲ್ಲೇ ಏಕೆ?

ಬಯಲಿನಲ್ಲಿ ಓಡುವ ಗಾಡಿ ಏರಿನಲ್ಲಿ ಏಕೆ ಸೋಲುತ್ತದೆಂಬುದಕ್ಕೆ ಸ್ವಲ್ಪ ಲೆಕ್ಕ ಬೇಕು. ಮೂಟೆ ಸಹಿತ 2500 ಕಿಲೋ ತೂಗುವ ಗಾಡಿಯೊಂದು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಲು ಚಕ್ರಕ್ಕೆ 8ರಿಂದ 10 ಅಶ್ವಶಕ್ತಿ ಮುಟ್ಟಿದರೆ ಸಾಕು. ಅದೇ ಗಾಡಿ 8 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವ ದಿಬ್ಬವನ್ನು ಹತ್ತುವಾಗ, ತನ್ನ ತೂಕದ ಎಂಟನೆಯ ಒಂದು ಪಾಲನ್ನು, ಅಂದರೆ ಸುಮಾರು 310 ಕಿಲೋ ಭಾರವನ್ನು, ಸದಾ ಹಿಂದಕ್ಕೆಳೆಸಿಕೊಳ್ಳುತ್ತಿರುತ್ತದೆ. ವೇಗ 25ಕ್ಕೆ ಇಳಿದರೂ ಚಕ್ರಕ್ಕೆ ಸುಮಾರು 33 ಅಶ್ವಶಕ್ತಿ ಬೇಕು. ಗೇರು, ಆಕ್ಸಲ್ಲುಗಳಲ್ಲಿ ಸವೆಯುವುದು ಇದರ ಮೇಲೆ. ಐವತ್ತು ಅರವತ್ತು ಅಶ್ವಶಕ್ತಿಯ ಹಳೆಯ ಎಂಜಿನ್ನಿಗೆ ಅರ್ಧದಷ್ಟು ಡೀಸೆಲ್ ಮಾತ್ರ ಬರುತ್ತಿದ್ದರೂ ಬಯಲಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ದಿಬ್ಬದ ಬುಡದಲ್ಲಿ ಗೊತ್ತಾಗುತ್ತದೆ. ಏರು ರೋಗವನ್ನು ತರುವುದಿಲ್ಲ, ಇದ್ದ ರೋಗವನ್ನು ತೋರಿಸುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲು ದಾರಿಯ ಏರು 50ಕ್ಕೆ 1 ಮಾತ್ರ. ಅಷ್ಟಕ್ಕೇ ಭಾರದ ರೈಲುಗಳಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ನುಗಳು ಬೇಕು. ನಮ್ಮ ತೋಟದ ದಾರಿಗಳು ಅದಕ್ಕಿಂತ ಎಷ್ಟು ಕಡಿದೆಂದು ಬೇರೆ ಹೇಳಬೇಕಿಲ್ಲ.

ಇನ್ನೊಂದು ಸಂಗತಿ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ನು ಸಮುದ್ರಮಟ್ಟದಿಂದ ಪ್ರತಿ 100 ಮೀಟರಿಗೆ ಶೇಕಡ 1ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆಂದು ಸ್ಥೂಲವಾಗಿ ಹೇಳಬಹುದು. ಮಂಗಳೂರಿನಲ್ಲಿ ಚೆನ್ನಾಗಿದ್ದ ಗಾಡಿ 900 ಮೀಟರಿನ ಆಸುಪಾಸಿನ ನಮ್ಮ ಊರುಗಳಲ್ಲಿ ಹತ್ತರಲ್ಲೊಂದು ಪಾಲು ಸೋತೇ ಇರುತ್ತದೆ. ಇದು ರೋಗವಲ್ಲ, ಇದಕ್ಕೆ ಔಷಧವೂ ಇಲ್ಲ. ಹಾಗೆಯೇ ಈಚೆಗೆ ಹುಡುಗರು ಜೀಪಿಗೆ ಆಳೆತ್ತರದ ಟೈರು ಹಾಕಿಸುತ್ತಾರೆ. ಟೈರಿನ ಎತ್ತರ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಎಳೆತ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗುತ್ತದೆ. ನೋಡಲು ಚೆನ್ನಾಗಿರಬಹುದು. ಮೂಟೆ ಹೊರಲು ಅದು ಉಪಯೋಗವಿಲ್ಲ.

ಮೊದಲು ಕಿವಿ, ಆಮೇಲೆ ಕಣ್ಣು

ಏರಿನಲ್ಲಿ ಗಾಡಿ ಸೋಲುವಾಗ ಎಂಜಿನ್ನಿನ ಸದ್ದು ಏರುತ್ತದೆಯೋ ಇಳಿಯುತ್ತದೆಯೋ ಎಂಬುದನ್ನು ಗಮನಿಸತಕ್ಕದ್ದು. ಸದ್ದು ಏರಿ ಗಾಡಿ ಮಾತ್ರ ಮುಂದಕ್ಕೆ ಹೋಗದಿದ್ದರೆ, ಜೊತೆಗೆ ಸುಟ್ಟ ವಾಸನೆಯೂ ಬಂದರೆ, ಕ್ಲಚ್ಚು ಜಾರುತ್ತಿದೆಯೆಂದು ತಿಳಿಯಬೇಕು. ಎಂಜಿನ್ನಿಗೆ ಕೈಹಾಕುವ ಕಾರಣವೇ ಇಲ್ಲ. ಪರೀಕ್ಷೆ ಸುಲಭ. ಸಮತಟ್ಟಾದ ಜಾಗದಲ್ಲಿ ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟು, ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಹ್ಯಾಂಡ್ ಬ್ರೇಕ್ ಎಳೆದು, ಟಾಪ್ ಗೇರು ಹಾಕಿ ಮೆಲ್ಲಗೆ ಕ್ಲಚ್ಚು ಬಿಡಿ. ಎಂಜಿನ್ನು ಥಟ್ಟನೆ ನಿಂತರೆ ಕ್ಲಚ್ಚು ಸರಿಯಿದೆ. ನಿಲ್ಲದೆ ಓಡುತ್ತಲೇ ಇದ್ದರೆ ಜಾರುತ್ತಿದೆ. ಇದನ್ನು ಪದೇ ಪದೇ ಮಾಡಬಾರದು. ಕ್ಲಚ್ ಪೆಡಲಿಗೆ ಮೇಲ್ಗಡೆ ಸ್ವಲ್ಪ ಸಡಿಲವಿರಬೇಕು. ಅದಿಲ್ಲದ ಗಾಡಿಯಲ್ಲಿ ಹೊಸ ಕ್ಲಚ್ಚು ಕೂಡ ಜಾರುತ್ತದೆ. ಏರಿನಲ್ಲಿ ಅರ್ಧ ಕ್ಲಚ್ಚು ಹಿಡಿದು ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸವಿರುವ ಚಾಲಕನಿದ್ದರೆ ಗಾಡಿಗಿಂತ ಮೊದಲು ಅವನಿಗೆ ಹೇಳಬೇಕಾಗುತ್ತದೆ.

ಸದ್ದೂ ಇಳಿದು ಗಾಡಿಯೂ ಸೋತರೆ ಎರಡು ಸಾಧ್ಯತೆ: ಎಂಜಿನ್ನಿಗೆ ಬಲವಿಲ್ಲ, ಅಥವಾ ಯಾವುದೋ ಚಕ್ರವನ್ನು ಬ್ರೇಕು ಹಿಡಿದುಕೊಂಡಿದೆ. ನಮ್ಮ ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಗಾಡಿಯ ಕೇಬಲ್ಲು ತುಕ್ಕು ಹಿಡಿದು, ಬಿಟ್ಟರೂ ಪೂರ್ತಿ ಬಿಡುವುದಿಲ್ಲ. ಬಯಲಿನಲ್ಲಿ ಗೇರು ತೆಗೆದು ಇಬ್ಬರು ತಳ್ಳಿದರೆ ಗಾಡಿ ಸಲೀಸಾಗಿ ಉರುಳಬೇಕು. ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಬಳಿ ಕೈ ಒಡ್ಡಿ, ಮುಟ್ಟದೆ, ಕಾವು ನೋಡಬೇಕು. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಹೆಚ್ಚು ಬಿಸಿಯಿದ್ದರೆ ರೋಗ ಅಲ್ಲಿದೆ. ಮಳೆಗಾಲದಲ್ಲಿ ಶೆಡ್ಡಿನೊಳಗೆ ಗಾಡಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರು ಹಾಕಿ ಚಕ್ರಕ್ಕೆ ಮರದ ತುಂಡು ಕೊಡುವುದು ಮೇಲು.

ಇವೆರಡೂ ಅಲ್ಲವೆಂದಾದ ಮೇಲೆ ಹೊಗೆಯನ್ನು ನೋಡಬೇಕು. ಏರಿನಲ್ಲಿ ಹಿಂದಿನಿಂದ ಇನ್ನೊಬ್ಬರು ಬೈಕಿನಲ್ಲಿ ಬಂದು ನೋಡಿ ಹೇಳಲಿ. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿಮಾಡಿ ಅದರೊಳಗೆ ಡೀಸೆಲ್ ಚಿಮ್ಮಿಸುವುದಷ್ಟೇ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ನಡೆಸಿ ತೋರಿಸಿದಾಗಿನಿಂದ ಈ ತತ್ತ್ವ ಬದಲಾಗಿಲ್ಲ. ಆದಕಾರಣ ಗಾಳಿ ಕಡಿಮೆಯಾಗಿ ಡೀಸೆಲ್ ಹೆಚ್ಚಾದರೆ ಸುಡದೆ ಉಳಿದ ಮಸಿ ಕಪ್ಪು ಹೊಗೆಯಾಗಿ ಬರುತ್ತದೆ. ಬಲವೂ ಇಲ್ಲ, ಹೊಗೆಯೂ ಇಲ್ಲ ಎಂದಾದರೆ ಡೀಸೆಲ್ಲೇ ಸಾಲದಾಗಿದೆ. ನೀಲಿ ಹೊಗೆ ಎಂಜಿನ್ ಆಯಿಲ್ ಸುಡುವುದರ ಗುರುತು. ಕಣ್ಣುರಿಸುವ ಡೀಸೆಲ್ ವಾಸನೆಯ ಬಿಳಿ ಹೊಗೆ ಎಂಜಿನ್ನು ಕಾದ ಮೇಲೂ ನಿಲ್ಲದಿದ್ದರೆ ಟೈಮಿಂಗು, ಇಂಜೆಕ್ಟರು ಅಥವಾ ಕಂಪ್ರೆಷನ್ನಿನ ದೋಷವಿರಬಹುದು. ನೀಲಿ, ಬಿಳಿ ಹೊಗೆಗಳಿಗೆ ಬಲ್ಲ ಮೆಕ್ಯಾನಿಕ್ಕೇ ಬೇಕು. ಕಪ್ಪು ಹೊಗೆ ಮತ್ತು ಹೊಗೆಯಿಲ್ಲದ ಸೋಲು, ಇವೆರಡರಲ್ಲಿ ನಾವೇ ಮಾಡಬಹುದಾದ ಕೆಲಸ ಬಹಳವಿದೆ.

ಡೀಸೆಲ್ ಬರುವ ದಾರಿ

ಹೊಗೆಯಿಲ್ಲದೆ ಸೋಲುವ ಗಾಡಿಯಲ್ಲಿ ಟ್ಯಾಂಕಿನಿಂದ ಹೊರಟು ಎಂಜಿನ್ನಿನ ಕಡೆಗೆ ಹುಡುಕುತ್ತ ಬರಬೇಕು. ಗ್ಯಾರೇಜಿನವರು ಎಂಜಿನ್ನಿನಿಂದ ಹೊರಡುತ್ತಾರೆ. ಖರ್ಚಿನ ವ್ಯತ್ಯಾಸ ಆಗುವುದೇ ಇಲ್ಲಿ.

ಟ್ಯಾಂಕಿನಿಂದ ಡೀಸೆಲ್ ಹೊರಹೋದಷ್ಟೂ ಗಾಳಿ ಒಳಬರಬೇಕು. ಮುಚ್ಚಳದ ಸಣ್ಣ ತೂತು ಅಥವಾ ಗಾಳಿ ಕೊಳವೆ ಮಣ್ಣಿನಿಂದ ಮುಚ್ಚಿಹೋದರೆ ಟ್ಯಾಂಕು ತಾನೇ ಡೀಸೆಲ್ಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಲಕ್ಷಣ ಹೀಗೆ: ಹೊರಟಾಗ ಸರಿಯಿರುತ್ತದೆ, ಅರ್ಧ ಏರಿನಲ್ಲಿ ಸೋಲುತ್ತದೆ, ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಹೊರಡುತ್ತದೆ. ಮುಚ್ಚಳ ತಿರುಗಿಸುವಾಗ ಗಾಳಿ ಒಳಗೆಳೆಯುವ ಸದ್ದು ಕೇಳಿಸಿದರೆ ರೋಗ ಸಿಕ್ಕಿತೆಂದೇ ಅರ್ಥ. ಇದಕ್ಕೆ ಒಂದು ಪೈಸೆಯೂ ಬೇಡ.

ನಂತರ ಟ್ಯಾಂಕಿನ ತಳದ ಜಾಲರಿ. ಹಳೆಯ ಕಬ್ಬಿಣದ ಟ್ಯಾಂಕುಗಳಲ್ಲಿ ತುಕ್ಕಿನ ಚೂರು, ಎಲೆಚೂರು ಬಂದು ಅದಕ್ಕೆ ಅಂಟಿಕೊಳ್ಳುತ್ತವೆ. ಗಾಡಿ ನಿಂತಾಗ ಉದುರುತ್ತವೆ. ಲಕ್ಷಣ ಮುಚ್ಚಳದ ರೋಗದಂತೆಯೇ, ಆದರೆ ಒಳಗೆಳೆಯುವ ಸದ್ದಿರುವುದಿಲ್ಲ. ಅಲ್ಲಿಂದ ಮುಂದೆ ರಬ್ಬರ್ ಪೈಪುಗಳು. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ಲನ್ನು ಎಳೆದುಕೊಳ್ಳಲಾಗುತ್ತದೆ, ತಳ್ಳಲಾಗುವುದಿಲ್ಲ. ಈ ಕಡೆಯ ಪೈಪು ಬಿರಿದರೆ ಡೀಸೆಲ್ ಸೋರುವ ಬದಲು ಗಾಳಿ ಒಳಗೆ ಹೋಗಬಹುದು. ಹೊರಗಿನಿಂದ ನೋಡಿದರೆ ಒಂದು ಹನಿಯೂ ಕಾಣುವುದಿಲ್ಲ. ಅನುಭವವುಳ್ಳ ಮೆಕ್ಯಾನಿಕ್ಕುಗಳು ಇಲ್ಲಿ ಪಾರದರ್ಶಕ ಪೈಪಿನ ಒಂದು ತುಂಡನ್ನು ತಾತ್ಕಾಲಿಕವಾಗಿ ಜೋಡಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಾರೆ. ಹಳೆಯ ಮಾದರಿಯ ಡೀಸೆಲ್ ಗಾಡಿಗಳಲ್ಲಿ ಇನ್ನೂ ಒಂದು ಉಪಾಯವುಂಟು. ಶುದ್ಧ ಡೀಸೆಲ್ಲಿನ ಒಂದು ಕ್ಯಾನನ್ನು ಹೊರಗಡೆ ಭದ್ರವಾಗಿ ಕಟ್ಟಿ, ಅದರಿಂದ ನೇರವಾಗಿ ಫೀಡ್ ಪಂಪಿಗೆ ಪೈಪು ಕೊಟ್ಟು, ದಿಬ್ಬ ಹತ್ತಿಸಿ ನೋಡುವುದು. ಹತ್ತಿದರೆ ದೋಷ ಟ್ಯಾಂಕಿನ ಕಡೆ, ಹತ್ತದಿದ್ದರೆ ಮುಂದಿನ ಕಡೆ. ಪೆಟ್ರೋಲ್ ಗಾಡಿಗೆ ಈ ಪರೀಕ್ಷೆ ಬೇಡವೇ ಬೇಡ, ಬೆಂಕಿಯ ಭಯವಿದೆ.

ಫೀಡ್ ಪಂಪಿನೊಳಗೆ ಅನೇಕ ಎಂಜಿನ್ನುಗಳಲ್ಲಿ ಬೆರಳಿನ ತುದಿಯಷ್ಟು ಸಣ್ಣ ಜಾಲರಿಯಿದೆ. ಅದನ್ನು ತೊಳೆಯುವುದನ್ನು ಎಲ್ಲರೂ ಮರೆಯುತ್ತಾರೆ. ಆಮೇಲೆ ಫಿಲ್ಟರು. ಫಿಲ್ಟರನ್ನು ಕಿಲೋಮೀಟರಿನ ಲೆಕ್ಕದಲ್ಲಿ ಮಾತ್ರ ಬದಲಿಸುವುದು ನಮ್ಮ ಊರಿಗೆ ಹೊಂದುವುದಿಲ್ಲ. ತೋಟದಲ್ಲಿ ಮೊದಲ ಗೇರಿನಲ್ಲಿ ಓಡುವ ಗಾಡಿಯ ಕಿಲೋಮೀಟರು ಏರುವುದೇ ನಿಧಾನ. ಮಳೆಗಾಲ ಮುಗಿದ ಮೇಲೆ, ಕೊಯ್ಲಿಗೆ ಮುಂಚೆ, ವರ್ಷಕ್ಕೊಮ್ಮೆ ಹೊಸದು ಹಾಕಿಸುವುದು ಒಳ್ಳೆಯದು. ಫಿಲ್ಟರಿನ ಬುಡದ ತಿರುಪನ್ನು ಸಡಿಲಿಸಿ ಬರುವ ಮೊದಲ ಡೀಸೆಲ್ಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಆ ನೀರು ಬಂದದ್ದು ಎಲ್ಲಿಂದ? ಬಂಕಿನವರನ್ನು ಬೈಯುವ ಮುಂಚೆ ನಮ್ಮ ನಮ್ಮ ಶೆಡ್ಡಿನ ಬ್ಯಾರಲ್ಲನ್ನು ನೋಡಬೇಕು. ಹೂಮಳೆ ತಪ್ಪಿದ ವರ್ಷ ಸ್ಪ್ರಿಂಕ್ಲರ್ ಓಡಿಸಲೆಂದು ಫೆಬ್ರವರಿ ಮಾರ್ಚಿನಲ್ಲಿ ಡೀಸೆಲ್ ತಂದಿಡುವುದು, ಉಳಿದದ್ದು ಮಳೆಗಾಲವಿಡೀ ಅಲ್ಲೇ ಇರುವುದು, ಕೊಯ್ಲಿನ ಅವಸರದಲ್ಲಿ ಅದನ್ನೇ ಗಾಡಿಗೆ ಸುರಿಯುವುದು ಹಲವೆಡೆ ನಡೆದು ಬಂದಿದೆ. ನೆಟ್ಟಗೆ ನಿಲ್ಲಿಸಿದ ಬ್ಯಾರಲ್ಲಿನ ತಲೆಯ ಮೇಲೆ ಮಳೆ ನೀರು ನಿಲ್ಲುತ್ತದೆ. ಹಗಲು ಕಾದು ರಾತ್ರಿ ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ, ಬಿರಡೆ ಬಿಗಿಯಾಗಿದ್ದರೂ ಅದರ ಸಂದಿನಿಂದ ನೀರು ಒಳಗೆ ಎಳೆಯಲ್ಪಡುತ್ತದೆ. ಹೊರಗೆ ಇಡಲೇಬೇಕಾದರೆ ಬ್ಯಾರಲ್ಲನ್ನು ಅಡ್ಡ ಮಲಗಿಸಿ, ಎರಡು ಬಿರಡೆಗಳೂ ಒಂದೇ ಮಟ್ಟದಲ್ಲಿ, ಡೀಸೆಲ್ಲಿನ ಮಟ್ಟಕ್ಕಿಂತ ಕೆಳಗೆ ಇರುವಂತೆ ಇಡತಕ್ಕದ್ದು. ನೀರು ಡೀಸೆಲ್ಲುಗಳು ಕೂಡುವಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಹೊಸ ಫಿಲ್ಟರು ವಾರದೊಳಗೆ ಕಟ್ಟಿಕೊಳ್ಳಲು ಆ ಲೋಳೆ ಸಾಕು. ಬಳಸುವ ಹಿಂದಿನ ದಿನ ಬ್ಯಾರಲ್ಲನ್ನು ಅಲುಗಾಡಿಸದೆ ನಿಲ್ಲಿಸಿ, ತಳದ ನಾಲ್ಕು ಅಂಗುಲ ಬಿಟ್ಟು ಮೇಲಿನದನ್ನು ಮಾತ್ರ ತೆಗೆದು, ದಟ್ಟ ಬಟ್ಟೆಯಲ್ಲಿ ಸೋಸಿ ಹಾಕಬೇಕು. ತಳದ್ದನ್ನು ಗಾಡಿಗೂ ಹಾಕಬಾರದು, ಪಂಪ್‌ಸೆಟ್ಟಿಗೂ ಹಾಕಬಾರದು.

ಗಾಳಿಯ ದಾರಿ

ಕಪ್ಪು ಹೊಗೆಯ ಗಾಡಿಯಲ್ಲಿ ಮೊದಲು ಏರ್ ಕ್ಲೀನರ್. ಜನವರಿಯಿಂದ ಮಳೆಯವರೆಗೆ ನಮ್ಮ ದಾರಿಗಳ ಕೆಂಪು ಧೂಳು, ಕಣದ ಸಿಪ್ಪೆಯ ಧೂಳು ಸೇರಿ ಅದನ್ನು ತುಂಬಿಬಿಡುತ್ತವೆ. ಹಳೆಯ ಜೀಪಿನ ಎಣ್ಣೆಬಟ್ಟಲಿನ ಕ್ಲೀನರಿನಲ್ಲಿ ಎಣ್ಣೆ ಕೆಸರಾಗಿದ್ದರೆ ಚೆಲ್ಲಿ, ತೊಳೆದು, ಗುರುತಿನವರೆಗೆ ಮಾತ್ರ ಹೊಸದು ಹಾಕಬೇಕು. ಕಾಗದದ ಫಿಲ್ಟರಾದರೆ ಮೆಲ್ಲಗೆ ತಟ್ಟಿ ದೀಪಕ್ಕೆ ಹಿಡಿದು ನೋಡಿ, ಬೆಳಕು ಕಾಣದಿದ್ದರೆ ಹೊಸದು ಹಾಕಿ. ನೀರಿನಲ್ಲಿ ತೊಳೆಯಬೇಡಿ. ಮಳೆಗಾಲದಲ್ಲಿ ನಿಂತ ಗಾಡಿಯ ಪೆಟ್ಟಿಗೆಯೊಳಗೆ ಇಲಿ ಗೂಡು ಕಟ್ಟುವುದೂ ಉಂಟು. ಟರ್ಬೊ ಇರುವ ಗಾಡಿಯಲ್ಲಿ ಟರ್ಬೊದಿಂದ ಹೊರಡುವ ದಪ್ಪ ರಬ್ಬರ್ ಪೈಪು ಬಿರಿದರೆ ಏರಿನಲ್ಲಿ ಬುಸ್ಸೆಂಬ ಸದ್ದು ಬರುತ್ತದೆ, ಬಲ ಒಮ್ಮೆಗೇ ಹೋಗುತ್ತದೆ. ಕೈ ಹಾಕಿ ತಡವಿದರೆ ಎಣ್ಣೆಜಿಡ್ಡಿನ ಸೀಳು ಸಿಗುತ್ತದೆ, ಆದರೆ ಎಂಜಿನ್ನು ನಿಲ್ಲಿಸಿ, ತಣ್ಣಗಾದ ಮೇಲೆ.

ಹೊಗೆ ಯಾವುದೇ ಇರಲಿ, ಒಂದು ಸಣ್ಣ ವಿಷಯವನ್ನು ನೋಡಿಬಿಡಿ. ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಲಿ, ಇನ್ನೊಬ್ಬರು ಬಾನೆಟ್ಟಿನೊಳಗೆ ಪಂಪಿನ ಸನ್ನೆ ಕೊನೆಯವರೆಗೆ ಮುಟ್ಟುತ್ತದೆಯೇ ನೋಡಲಿ. ಕೇಬಲ್ಲು ಸಡಿಲವಾಗಿಯೋ ಕಾಲಡಿಯ ಮ್ಯಾಟು ಅಡ್ಡಬಂದೋ ಮುಕ್ಕಾಲಿಗೇ ನಿಲ್ಲುವ ಗಾಡಿಗಳಿವೆ.

2020ರ ಏಪ್ರಿಲ್ ನಂತರ ಮಾರಾಟವಾದ ಬಿಎಸ್ 6 ಡೀಸೆಲ್ ಗಾಡಿಗಳ ಮಾತು ಬೇರೆ. ಅವುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕವಿದೆ. ಅದು ಚೆನ್ನಾಗಿ ಕಾದರೆ ಮಾತ್ರ ತನ್ನ ಮಸಿಯನ್ನು ತಾನು ಸುಟ್ಟುಕೊಳ್ಳುತ್ತದೆ. ಮನೆಯಿಂದ ಕಣಕ್ಕೆ, ಕಣದಿಂದ ತೋಟಕ್ಕೆ ಮಾತ್ರ ಓಡುವ ಗಾಡಿಯಲ್ಲಿ ಆ ಕಾವು ಬರುವುದೇ ಇಲ್ಲ. ಮಸಿ ತುಂಬಿ ದೀಪ ಹೊತ್ತಿ, ಗಾಡಿಯ ಕಂಪ್ಯೂಟರು ತಾನಾಗಿ ಬಲ ಇಳಿಸುತ್ತದೆ. ವಾರಕ್ಕೊಮ್ಮೆ ಹಾಸನದ ಹೆದ್ದಾರಿಯಲ್ಲಿ ನಿಲ್ಲಿಸದೆ ಅರ್ಧ ಗಂಟೆ ಓಡಿಸಿದರೆ ಬಹುಪಾಲು ತೊಂದರೆ ತಪ್ಪುತ್ತದೆ. ದೀಪ ಹೊತ್ತಿದ ಮೇಲೆ ಊಹೆಯಿಂದ ಏನನ್ನೂ ಬಿಚ್ಚಿಸಬಾರದು. ಯಂತ್ರ ಹಚ್ಚಿ ಸಂಕೇತ ಓದಿಸಿ. ಕಾಮನ್ ರೈಲ್ ಎಂಜಿನ್ನಿನ ಪೈಪನ್ನು ಓಡುತ್ತಿರುವಾಗ ಸಡಿಲಿಸುವ ಹಳೆಯ ಪದ್ಧತಿ ಇಲ್ಲಿ ಪ್ರಾಣಾಪಾಯ. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ.

ಪೆಟ್ರೋಲಿನ ಗಾಡಿಗಳ ಬಗ್ಗೆ ಎರಡು ಮಾತು. ಮಾರುತಿ 800ರ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತರೂ ನಮ್ಮ ಊರುಗಳಲ್ಲಿ ಅವು ಇನ್ನೂ ದುಡಿಯುತ್ತಿವೆ. ಇವಕ್ಕೂ ಅದೇ ಕ್ರಮ: ಮುಚ್ಚಳ, ಪೈಪು, ಫಿಲ್ಟರು, ಏರ್ ಕ್ಲೀನರ್, ಆಮೇಲೆ ಪ್ಲಗ್ಗು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ, ಮೇಲಾಗಿ ಅದು ನೀರನ್ನು ಹೀರುತ್ತದೆ. ಹಳೆಯ ರಬ್ಬರು ಪೈಪುಗಳಿಗೂ ಅದು ಒಗ್ಗದು. ಕಳೆ ಕತ್ತರಿಸುವ ಯಂತ್ರಕ್ಕೆಂದು ತಂದು ತಿಂಗಳುಗಟ್ಟಲೆ ಕ್ಯಾನಿನಲ್ಲಿಟ್ಟ ಪೆಟ್ರೋಲನ್ನು ಗಾಡಿಗೆ ಹಾಕಬೇಡಿ.

ಏರಿನ ನಡುವೆ ನಿಂತರೆ

ಎಂಜಿನ್ನು ನಿಂತ ಗಾಡಿಯಲ್ಲಿ ಬ್ರೇಕಿನ ಸಹಾಯಶಕ್ತಿ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಪವರ್ ಸ್ಟೇರಿಂಗ್ ಇದ್ದರೆ ಅದೂ ಬಿಗಿಯಾಗುತ್ತದೆ. ಆದಕಾರಣ ಬ್ರೇಕನ್ನು ಒಂದೇ ಸಲ ಬಲವಾಗಿ ಒತ್ತಿ ಹಿಡಿದು, ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರು ಹಾಕಿ, ಇಳಿದವರು ಪಕ್ಕದಿಂದ ಚಕ್ರಕ್ಕೆ ಕಲ್ಲು ಕೊಡಬೇಕು. ಹಿಂದಿನಿಂದ ತಳ್ಳಲು ಯಾರನ್ನೂ ನಿಲ್ಲಿಸಬಾರದು. ಹಿಂದೆ ಕೂತ ಆಳುಗಳು ಗಾಡಿ ಪೂರ್ತಿ ನಿಂತ ಮೇಲೆ ಇಳಿಯಲಿ, ಉರುಳುವ ಗಾಡಿಯಿಂದ ಹಾರುವುದು ಬೇಡ. ಮರದ ಎರಡು ಅಡ್ಡಗಳನ್ನು ಸದಾ ಗಾಡಿಯಲ್ಲಿಟ್ಟಿರಿ, ಕಲ್ಲು ಹುಡುಕುವಷ್ಟು ಹೊತ್ತು ಆಗ ಇರುವುದಿಲ್ಲ. ದೋಷ ಗೊತ್ತಿದ್ದೂ ಆ ಗಾಡಿಯಲ್ಲಿ ಜನರನ್ನು ಸಾಗಿಸುವುದನ್ನು, ರಿಪೇರಿ ಆಗಿ ಖಾಲಿ ಗಾಡಿಯಲ್ಲಿ ಒಮ್ಮೆ ಆ ದಿಬ್ಬ ಹತ್ತಿ ನೋಡುವವರೆಗೆ, ನಿಲ್ಲಿಸಬೇಕೆಂದು ನಾವು ಸದಸ್ಯರನ್ನು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.

ಇಷ್ಟೆಲ್ಲ ನೋಡಿಯೂ ಗುಣವಾಗದಿದ್ದರೆ ಗ್ಯಾರೇಜಿಗೆ ಹೋಗುವುದೇ ಸರಿ. ಹೋಗುವಾಗ ಒಂದು ಚೀಟಿಯಲ್ಲಿ ಹೀಗೆ ಬರೆದುಕೊಂಡು ಹೋಗಿ: ಯಾವ ದಿಬ್ಬ, ಎಷ್ಟು ಭಾರ, ಯಾವ ಗೇರು, ಸದ್ದು ಏರಿತೋ ಇಳಿಯಿತೋ, ಹೊಗೆಯ ಬಣ್ಣ, ಎಷ್ಟು ಹೊತ್ತು ನಿಲ್ಲಿಸಿದರೆ ಮತ್ತೆ ಸರಿಯಾಗುತ್ತದೆ, ಫಿಲ್ಟರು ಹಾಕಿದ ತಿಂಗಳು. ಆಗಲೂ "ಪಂಪು" ಎಂದರೆ, ಫೀಡ್ ಪಂಪಿನಿಂದ ಡೀಸೆಲ್ ಎಷ್ಟು ಬರುತ್ತದೆಂದು ನೋಡಿದಿರಾ, ಇಂಜೆಕ್ಟರು ಪರೀಕ್ಷೆ ಮಾಡಿದಿರಾ, ಕಂಪ್ರೆಷನ್ ಅಳೆದಿರಾ ಎಂದು ಕೇಳಿ. ಬದಲಿಸಿದ ಫಿಲ್ಟರನ್ನು ಬಿಸಾಡಲು ಬಿಡದೆ ಎದುರಿಗೇ ಕತ್ತರಿಸಿಸಿ ನೋಡಿ. ಅದರೊಳಗೆ ಕಪ್ಪು ಲೋಳೆಯೋ ಕೆಂಪು ತುಕ್ಕೋ ಇದ್ದರೆ ಟ್ಯಾಂಕನ್ನೂ ಅದೇ ದಿನ ಇಳಿಸಿ ತೊಳೆಸತಕ್ಕದ್ದು.